ಅಕ್ಷಾಂಶ, ರೇಖಾಂಶ ಸಮೇತ ಓದು

ನಮ್ಮ ಕಾಲೇಜುಗಳಲ್ಲಿ ಯಾರೂ ಪುಸ್ತಕ ಓದುತ್ತಿಲ್ಲ ಎಂದು ಗೊಣಗುವವರು ಒಮ್ಮೆ ಹತ್ತಿರದ ಪದವಿ ಕಾಲೇಜಿಗೆ ಹೋಗಿಬರಬೇಕು. ಗ್ರಂಥಾಲಯಕ್ಕೆ ಹೋಗಬೇಡಿ, ಅಲ್ಲಿ ಏನೂ ತಿಳಿಯುವುದಿಲ್ಲ. ನೇರವಾಗಿ ಐಕ್ಯೂಎಸಿ ಕೊಠಡಿಗೆ ಹೋಗಿ. ಆಂತರಿಕ ಗುಣಮಟ್ಟ ಭರವಸಾ ಕೋಶ ಎಂಬ ಭಾರವಾದ ಹೆಸರಿನ ಆ ಕೊಠಡಿಯಲ್ಲಿ ಬಣ್ಣಬಣ್ಣದ ಬಾಕ್ಸ್ ಫೈಲುಗಳು ಸಾಲಾಗಿ ನಿಂತಿರುತ್ತವೆ. ‘ಪುಸ್ತಕ ಸಂವಾದ’, ‘ಓದುಗರ ವೇದಿಕೆ’, ‘ತಿಂಗಳಿಗೊಂದು ಪುಸ್ತಕ’, ‘ಗ್ರಂಥಾಲಯದ ನಡೆ ಸಮುದಾಯದ ಕಡೆ’. ಒಂದೊಂದರಲ್ಲೂ ಸುತ್ತೋಲೆ, ಆಮಂತ್ರಣ ಪತ್ರಿಕೆ, ಸಹಿ ಮಾಡಿದ ಹಾಜರಿ ಪಟ್ಟಿ, ವರದಿ, ಸ್ಥಳೀಯ ಪತ್ರಿಕೆಯ ತುಣುಕು, ಫೀಡ್‌ಬ್ಯಾಕಿನ ಪೈ ಚಾರ್ಟ್. ಇಷ್ಟೆಲ್ಲ ನೋಡಿದ ಮೇಲೂ ಓದು ಸತ್ತಿದೆ ಎನ್ನುವವರು ಬಾಯಿ ತೊಳೆದುಕೊಳ್ಳಬೇಕು.

ಫೈಲಿನ ಜೀವ ಇರುವುದು ಜಿಯೋಟ್ಯಾಗ್ ಫೋಟೊದಲ್ಲಿ. ಹಿಂದೆಲ್ಲ ಕಾರ್ಯಕ್ರಮದ ಫೋಟೊ ಎಂದರೆ ಗಣ್ಯರು ಸಾಲಾಗಿ ನಿಂತು ದೀಪಕ್ಕೆ ಕೈ ಚಾಚಿರುವ ಚಿತ್ರ. ಈಗ ಅದರ ಕೆಳಗೆ ಒಂದು ಕಪ್ಪು ಪಟ್ಟಿ ಇರಬೇಕು. ಪಟ್ಟಿಯ ಎಡಮೂಲೆಯಲ್ಲಿ ಪುಟ್ಟ ನಕಾಶೆ, ಬಲಕ್ಕೆ ಊರು, ತಾಲ್ಲೂಕು, ಪಿನ್‌ಕೋಡ್, ಅಕ್ಷಾಂಶ, ರೇಖಾಂಶ, ದಿನಾಂಕ, ಗಂಟೆ, ನಿಮಿಷ. ಭೂಗೋಳದ ಮೇಲೆ ಆ ಪುಸ್ತಕ ಸಂವಾದ ಎಲ್ಲಿ ನಡೆಯಿತೆಂದು ಉಪಗ್ರಹವೇ ಸಾಕ್ಷಿ ಹೇಳುತ್ತದೆ. ಪುಸ್ತಕ ಓದಿದವರು ಅಲ್ಲಿ ಯಾರಾದರೂ ಇದ್ದರೇ ಎಂದು ಹೇಳುವ ಉಪಗ್ರಹವನ್ನು ಇಸ್ರೊ ಇನ್ನೂ ಹಾರಿಸಿಲ್ಲ.

ಇದಕ್ಕೆಲ್ಲ ಮೂಲ ನ್ಯಾಕ್. 1994ರಲ್ಲಿ ಹುಟ್ಟಿ, ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇಟ್ಟುಕೊಂಡು, ದೇಶದ ಕಾಲೇಜುಗಳಿಗೆಲ್ಲ ಗ್ರೇಡು ಹಂಚುವ ಈ ಸಂಸ್ಥೆಗೆ ಏಳು ಮಾನದಂಡಗಳಿವೆ. ಮೂರನೆಯದರಲ್ಲಿ ಸಂಶೋಧನೆ ಮತ್ತು ವಿಸ್ತರಣಾ ಚಟುವಟಿಕೆ, ನಾಲ್ಕನೆಯದರಲ್ಲಿ ಗ್ರಂಥಾಲಯ ಸೇರಿದ ಮೂಲಸೌಕರ್ಯ, ಐದನೆಯದರಲ್ಲಿ ವಿದ್ಯಾರ್ಥಿಗಳ ಪ್ರಗತಿ, ಏಳನೆಯದರಲ್ಲಿ ‘ಬೆಸ್ಟ್ ಪ್ರಾಕ್ಟೀಸ್’ ಎಂಬ ಎರಡು ಮಾದರಿ ಆಚರಣೆಗಳು. ಉದ್ದೇಶ ಒಳ್ಳೆಯದೇ. ಕಾಲೇಜು ಏನು ಮಾಡುತ್ತಿದೆ ಎಂದು ಯಾರಾದರೂ ಕೇಳಬೇಕು, ಕಾಲೇಜು ಉತ್ತರ ಕೊಡಬೇಕು. ಕೇಳುವವರು ಪುರಾವೆ ಕೇಳಿದರು, ಕೊಡುವವರು ಪುರಾವೆಯನ್ನಷ್ಟೇ ತಯಾರಿಸಲು ಕಲಿತರು. ಜಾಣ ಸಂಚಾಲಕರೊಬ್ಬರ ಕೈಗೆ ಒಂದೇ ಒಂದು ಪುಸ್ತಕ ಸಂವಾದ ಸಿಕ್ಕರೆ ಸಾಕು. ಊರಿನ ಇಬ್ಬರು ನಿವೃತ್ತ ಮೇಷ್ಟ್ರುಗಳನ್ನು ಕೂರಿಸಿದರೆ ಅದು ವಿಸ್ತರಣಾ ಚಟುವಟಿಕೆ. ಗ್ರಂಥಾಲಯದ ಬಾಗಿಲಲ್ಲಿ ನಿಂತು ಫೋಟೊ ತೆಗೆದರೆ ನಾಲ್ಕನೆಯ ಮಾನದಂಡ. ವಿದ್ಯಾರ್ಥಿನಿಯೊಬ್ಬಳು ನಿರೂಪಣೆ ಮಾಡಿದರೆ ಐದನೆಯದು. ಮುಂದಿನ ವರ್ಷವೂ ಅದೇ ದಿನ ಮಾಡುತ್ತೇವೆಂದು ಬರೆದರೆ ಏಳನೆಯದು. ಪುಸ್ತಕ ಒಂದು, ಓದಿದವರು ಸೊನ್ನೆ, ಅಂಕ ನಾಲ್ಕು ಕಡೆ.

ಫುಟ್‌ಫಾಲ್ ಲೆಕ್ಕವೂ ಇದೆ. ದಿನಕ್ಕೆ ಎಷ್ಟು ಮಂದಿ ಗ್ರಂಥಾಲಯ ಬಳಸಿದರು ಎಂದು ಕೇಳಿದರೆ ಕಾಲೇಜು ತೋರಿಸುವುದು ಬಾಗಿಲ ಬಳಿಯ ಗೇಟ್ ರಿಜಿಸ್ಟರನ್ನು. ಅದರಲ್ಲಿ ಫ್ಯಾನಿನ ಕೆಳಗೆ ಕೂರಲು ಬಂದವರು, ಮೊಬೈಲ್ ಚಾರ್ಜಿಗೆ ಹಾಕಲು ಬಂದವರು, ಕ್ರಿಕೆಟ್ ಪುಟ ನೋಡಲು ಬಂದವರು, ಬಾರದ ಐದು ಗೆಳೆಯರ ಸಹಿಯನ್ನೂ ಧಾರಾಳವಾಗಿ ಹಾಕಿ ಹೋದವರು, ಎಲ್ಲರೂ ಓದುಗರೇ. ಕಾಲು ಎಣಿಸಿದರು, ಕಣ್ಣು ಎಣಿಸಲಿಲ್ಲ.

ಈಗ ಸಂವಾದಕ್ಕೆ ಬರೋಣ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ, ಅಂತರರಾಷ್ಟ್ರೀಯ ಬೂಕರ್ ಬಂತು. ಅದಾದ ಮೇಲೆ ನಾಡಿನ ಕಾಲೇಜುಗಳಿಗೆ ಪುಸ್ತಕದ ಆಯ್ಕೆಯ ತಲೆನೋವೇ ತಪ್ಪಿತು. ಲಂಡನ್ನಿನವರು ಆಯ್ಕೆ ಮಾಡಿಕೊಟ್ಟರಲ್ಲ! ಹಾಸನದ ಈ ಲೇಖಕಿ ದಶಕಗಳಿಂದ ಕನ್ನಡದಲ್ಲಿ ಬರೆಯುತ್ತಿದ್ದರು, ಅವರ ಕತೆಯನ್ನು ಗಿರೀಶ ಕಾಸರವಳ್ಳಿ 2004ರಲ್ಲೇ ‘ಹಸೀನಾ’ ಎಂಬ ಸಿನಿಮಾ ಮಾಡಿದ್ದರು. ಆಗೆಲ್ಲ ಅವರ ಪುಸ್ತಕದ ಮೇಲೆ ಸಂವಾದ ಇಟ್ಟುಕೊಳ್ಳಲು ಯಾವ ಮಾನದಂಡದಲ್ಲೂ ಜಾಗ ಇರಲಿಲ್ಲವೆಂದು ಕಾಣುತ್ತದೆ.

ಅಂಥದ್ದೊಂದು ಸಂವಾದಕ್ಕೆ ನನಗೂ ಕರೆ ಬಂತು. ಕಾಲೇಜಿನ ಹೆಸರು ಬೇಡ, ನಿಮ್ಮ ಊರಿನದೇ ಎಂದುಕೊಳ್ಳಿ. ವೇದಿಕೆಯ ಹಿಂದೆ ಹನ್ನೆರಡು ಅಡಿಯ ಫ್ಲೆಕ್ಸ್. ಅದರಲ್ಲಿ ಆಡಳಿತ ಮಂಡಳಿ ಅಧ್ಯಕ್ಷರು, ಪ್ರಾಂಶುಪಾಲರು, ಸಂಪನ್ಮೂಲ ವ್ಯಕ್ತಿ, ಮೂವರ ಭಾವಚಿತ್ರಗಳು. ಲೇಖಕಿಗೆ ಜಾಗ ಸಾಲದೆ, ಅವರ ಬದಲು ಅಂತರ್ಜಾಲದಿಂದ ಇಳಿಸಿಕೊಂಡ ತೆರೆದ ಪುಸ್ತಕವೊಂದರ ಚಿತ್ರ. ಪುಸ್ತಕದೊಳಗಿಂದ ಚಿಟ್ಟೆಗಳು ಹಾರುತ್ತಿದ್ದವು. ನಡುವೆ ದಪ್ಪ ಅಕ್ಷರಗಳಲ್ಲಿ: ‘ಬೂಕರ್ ಪ್ರಶಸ್ತಿ ವಿಜೇತ ಕಾದಂಬರಿ ಹಾರ್ಟ್ ಲ್ಯಾಂಪ್: ಒಂದು ಸಂವಾದ’. ಆ ಪುಸ್ತಕದಲ್ಲಿರುವುದು ಹನ್ನೆರಡು ಕತೆಗಳು. ಕಥಾಸಂಕಲನವೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು ಎಂಬುದೇ ಪ್ರಪಂಚದ ಪತ್ರಿಕೆಗಳಿಗೆಲ್ಲ ಸುದ್ದಿಯಾಗಿತ್ತು. ಪ್ರಪಂಚಕ್ಕೂ ಈ ಕಾಲೇಜಿಗೂ ನಡುವೆ ಫ್ಲೆಕ್ಸ್ ಅಂಗಡಿ ಇತ್ತು.

ಪುಸ್ತಕ ಎಲ್ಲಿ ಎಂದು ಹುಡುಕಿದೆ. ವೇದಿಕೆಯ ಮೇಜಿನ ಮೇಲೆ, ಹೂವಿನ ಬುಟ್ಟಿಯ ಪಕ್ಕ, ಅರಿಶಿನ ಕುಂಕುಮ ಹಚ್ಚಿಸಿಕೊಂಡು ಲೇಖಕಿಯ ಕನ್ನಡ ಸಂಕಲನವೊಂದು ಮಲಗಿತ್ತು. ಕಾರ್ಯಕ್ರಮ ಶುರುವಾಗುವ ಮೊದಲು ಕೈಗೆತ್ತಿಕೊಂಡು ಹಿಂಬದಿಯ ರಟ್ಟು ತೆರೆದೆ. ಅಂಟಿಸಿದ್ದ ಅವಧಿ ಚೀಟಿಯಲ್ಲಿ ನೇರಳೆ ಶಾಯಿಯ ಒಂದೇ ಒಂದು ಮೊಹರು. ತಾರೀಖು ಪ್ರಶಸ್ತಿಗಿಂತ ಬಹಳ ಹಿಂದಿನದು. ಒಳಪುಟದಲ್ಲಿ ಕೆಂಪಕ್ಷರದಲ್ಲಿ ‘ರೆಫರೆನ್ಸ್, ಎರವಲು ಇಲ್ಲ’ ಎಂದು ಬರೆದಿತ್ತು. ಅಟೆಂಡರ್ ಓಡಿ ಬಂದು, “ಸಾರ್, ಅದನ್ನ ಮುಟ್ಟಬೇಡಿ, ಒಂದೇ ಕಾಪಿ ಇರೋದು, ಆಮೇಲೆ ಫೋಟೊಗೆ ಬೇಕು” ಎಂದರು. ಸಂವಾದಕ್ಕೆ ಬಂದ ಇನ್ನೂರು ಮಕ್ಕಳಿಗೆ ಒಂದು ಪುಸ್ತಕ. ಆ ಒಂದಕ್ಕೂ ಅಂದು ಪೂಜೆ, ಓದಿಗೆ ರಜೆ.

ರಜೆ ಎಂದದ್ದು ಮಾತಿಗಲ್ಲ. ಗ್ರಂಥಾಲಯದ ಬಾಗಿಲಲ್ಲಿ ಚೀಟಿ ಅಂಟಿಸಿದ್ದರು: ‘ಪುಸ್ತಕ ಸಂವಾದದ ನಿಮಿತ್ತ ಇಂದು ಪುಸ್ತಕ ವಿತರಣೆ ಇರುವುದಿಲ್ಲ.’ ವಾಚನಾಲಯದ ಕುರ್ಚಿಗಳೆಲ್ಲ ಸಭಾಂಗಣಕ್ಕೆ ಹೋಗಿದ್ದವು. ಪರೀಕ್ಷೆಗೆ ಓದಲು ಬಂದಿದ್ದ ನಾಲ್ಕು ಹುಡುಗರು ಮೆಟ್ಟಿಲ ಮೇಲೆ ಕೂತಿದ್ದರು. ಅವರನ್ನೂ ಎಬ್ಬಿಸಿ ಸಭಾಂಗಣಕ್ಕೆ ಕಳಿಸಲಾಯಿತು. ‘ಬಂದವರಿಗೆ ಎರಡು ಅವಧಿಯ ಹಾಜರಿ’ ಎಂದು ಸುತ್ತೋಲೆಯಲ್ಲೇ ಇತ್ತು.

ನಾಡಗೀತೆಯಾಯಿತು. ನಾಡಗೀತೆಯನ್ನು 2 ನಿಮಿಷ 30 ಸೆಕೆಂಡಿನಲ್ಲಿ ಹಾಡಿ ಮುಗಿಸಬೇಕೆಂದು 2022ರಲ್ಲಿ ಸರ್ಕಾರ ಗೊತ್ತುಮಾಡಿದೆ. ಕವಿಗೆ ಕಾಲಮಿತಿ ಹಾಕಿದ ಸರ್ಕಾರ ಪ್ರಾಸ್ತಾವಿಕ ನುಡಿಗೆ ಏಕೆ ಹಾಕಲಿಲ್ಲವೋ ತಿಳಿಯದು. ಸ್ವಾಗತ ಹದಿನೈದು ನಿಮಿಷ, ಪ್ರಾಸ್ತಾವಿಕ ಇಪ್ಪತ್ತೈದು. ದೀಪ ಬೆಳಗಿಸುವುದು ಹಳತಾಯಿತೆಂದು ಗಿಡಕ್ಕೆ ನೀರೆರೆದರು. ಅದು ಸರಿಯಾಗಿ ಫೋಟೊಗೆ ಬರಲಿಲ್ಲವೆಂದು ಮತ್ತೊಮ್ಮೆ ನೀರೆರೆದರು. ಗಣ್ಯರಿಗೆ ಶಾಲು, ಏಲಕ್ಕಿ ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಗಾಜಿನ ಪೆಟ್ಟಿಗೆಯೊಳಗೆ ನೆನಪಿನ ಕಾಣಿಕೆ. ಹಾರ ತುರಾಯಿ ಬೇಡ, ಪುಸ್ತಕ ಕೊಡಿ ಎಂದು ಎಷ್ಟೋ ವರ್ಷಗಳಿಂದ ಎಷ್ಟೋ ವೇದಿಕೆಗಳಲ್ಲಿ ಹೇಳುತ್ತಲೇ ಬಂದಿದ್ದೇವೆ. ಪುಸ್ತಕದ ಹೆಸರಿನ ಸಭೆಯಲ್ಲಾದರೂ ಅದು ನಡೆಯಬೇಕಲ್ಲ? ನಡೆಯಲಿಲ್ಲ. ಪೇಟ ತೊಟ್ಟ ಐವರು ಬೆವರುತ್ತ ಕೂತರು.

ಸಂಪನ್ಮೂಲ ವ್ಯಕ್ತಿಗಳಲ್ಲಿ ಮೂರು ಬಗೆ. ಬೆನ್ನುಡಿ ಓದಿ ಬಂದವರು, ಮುನ್ನುಡಿ ಓದಿ ಬಂದವರು, ಏನನ್ನೂ ಓದದೆ ಬಂದವರು. ಮೊದಲನೆಯವರು ಹತ್ತು ನಿಮಿಷಕ್ಕೆ ಮುಗಿಸುತ್ತಾರೆ, ಸಜ್ಜನರು. ಎರಡನೆಯವರು ಮುನ್ನುಡಿಕಾರರ ಅಭಿಪ್ರಾಯವನ್ನೇ ‘ನನಗೆ ಅನ್ನಿಸಿದಂತೆ’ ಎಂದು ಸೇರಿಸಿ ಅರ್ಧ ಗಂಟೆ ಹೇಳುತ್ತಾರೆ. ಮೂರನೆಯವರಿಗೆ ಮಿತಿಯೇ ಇಲ್ಲ. ಪುಸ್ತಕ ಓದಿದವನಿಗೆ ಪುಸ್ತಕದ ಹಂಗು ಇರುತ್ತದೆ. ಓದದವನು ಸ್ವತಂತ್ರ. ಅಂದು ಬಂದವರು ಈ ಮೂರನೆಯ ಬಗೆಯಲ್ಲೇ ಹಿರಿಯರು. “ಓದು ಮನುಷ್ಯನನ್ನು ಮನುಷ್ಯನನ್ನಾಗಿಸುತ್ತದೆ” ಎಂದು ಶುರು ಮಾಡಿ, ಇಂದಿನ ಮಕ್ಕಳ ಮೊಬೈಲ್ ಚಟವನ್ನು ಖಂಡಿಸಿ, ಆ ಖಂಡನೆಯ ನಡುವೆ ಬಂದ ಎರಡು ಕರೆಗಳಿಗೆ ‘ಸಭೇಲಿದ್ದೀನಿ’ ಎಂದು ಉತ್ತರಿಸಿ, ತಾವು ಬೀದಿ ದೀಪದ ಕೆಳಗೆ ಓದಿದ ಕಾಲವನ್ನು ವರ್ಣಿಸಿದರು. ಬೂಕರ್ ಪ್ರಶಸ್ತಿಯ ಮೊತ್ತವನ್ನು ರೂಪಾಯಿಗೆ ಪರಿವರ್ತಿಸಿ ಹೇಳಿದಾಗ ಮಾತ್ರ ಸಭೆ ಒಮ್ಮೆ ನೆಟ್ಟಗೆ ಕೂತಿತು.

ಕೊನೆಗೆ ಪ್ರಶ್ನೋತ್ತರ. ಸಂವಾದ ಎಂಬ ಹೆಸರಿಗೆ ನ್ಯಾಯ ಒದಗಿಸಲು ಐದು ನಿಮಿಷ. ಎರಡು ಪ್ರಶ್ನೆಗಳನ್ನು ಮೊದಲೇ ಚೀಟಿಯಲ್ಲಿ ಬರೆದು ಮುಂದಿನ ಸಾಲಿನವರಿಗೆ ಹಂಚಿದ್ದರು: ‘ಸರ್, ಓದುವ ಹವ್ಯಾಸ ಬೆಳೆಸಿಕೊಳ್ಳುವುದು ಹೇಗೆ?’ ಮತ್ತು ‘ಸರ್, ನಿಮ್ಮ ಯಶಸ್ಸಿನ ಗುಟ್ಟೇನು?’ ಅಷ್ಟರಲ್ಲಿ ಹಿಂದಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಚೀಟಿ ಪಡೆದವಳಲ್ಲ. “ಸರ್, ‘ಕರಿ ನಾಗರಗಳು’ ಕತೇಲಿ ಮುತವಲ್ಲಿಯ ಹೆಂಡತಿ ಇದಾಳಲ್ಲ, ಅವಳ ಬಗ್ಗೆ ನೀವೇನಂತೀರಿ?”

ಸಭಾಂಗಣ ಒಂದು ಕ್ಷಣ ತಬ್ಬಿಬ್ಬಾಯಿತು. ಓದಿದವರೊಬ್ಬರು ಒಳಗೆ ನುಸುಳಿದ್ದಾರೆ ಎಂಬುದು ಎಲ್ಲರಿಗೂ ತಿಳಿದುಹೋಯಿತು. ಸಂಪನ್ಮೂಲ ವ್ಯಕ್ತಿ ನೀರು ಕುಡಿದು, ಮೈಕು ಸರಿಪಡಿಸಿ, “ಬಹಳ ಒಳ್ಳೆಯ ಪ್ರಶ್ನೆ ಕೇಳಿದೆ ತಾಯಿ” ಎಂದರು. “ನಾಗರಹಾವು ನಮ್ಮ ಸಂಸ್ಕೃತಿಯಲ್ಲಿ ಪೂಜ್ಯ. ನಾಗರ ಪಂಚಮಿ ಎಂದರೆ ಏನು? ಅಣ್ಣ ತಂಗಿಯರ ಬಾಂಧವ್ಯ.” ಅಲ್ಲಿಂದ ಮಾತು ತ.ರಾ.ಸು. ಅವರಿಗೆ, ಅಲ್ಲಿಂದ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಸಿನಿಮಾಕ್ಕೆ, ಅಲ್ಲಿಂದ ಚಿತ್ರದುರ್ಗದ ಕೋಟೆಗೆ ಏರಿತು. ವಿಷ್ಣುವರ್ಧನ್ ಹೆಸರು ಬರುತ್ತಲೇ ಶಿಳ್ಳೆ ಬಿತ್ತು. ಆ ದಿನದ ಅತಿ ದೊಡ್ಡ ಚಪ್ಪಾಳೆ ಅದಕ್ಕೇ. ಹುಡುಗಿ ಇನ್ನೂ ನಿಂತೇ ಇದ್ದಳು. ನಿರೂಪಕಿ, “ಸಮಯದ ಅಭಾವದಿಂದ ಸಂವಾದವನ್ನು ಇಲ್ಲಿಗೆ ಮುಗಿಸುತ್ತಿದ್ದೇವೆ” ಎಂದಳು. ವಂದನಾರ್ಪಣೆ ಮಾಡಿದವರಿಗೆ ಸಮಯದ ಅಭಾವ ಇರಲಿಲ್ಲ. ಮೈಕ್ ಸೆಟ್ಟಿನವರಿಂದ ಹಿಡಿದು ಉಪ್ಪಿಟ್ಟು ಕೇಸರಿಬಾತ್ ಮಾಡಿದ ಭಟ್ಟರವರೆಗೆ ಹದಿನೆಂಟು ಮಂದಿಗೆ ವಂದಿಸಿದರು. ಲೇಖಕಿಯ ಹೆಸರು ಪಟ್ಟಿಯಲ್ಲಿ ಇರಲಿಲ್ಲ.

ಹೊರಬರುವಾಗ ಗೋಡೆಯ ಮೇಲೆ ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿ ಗೂಗಲ್ ಫಾರ್ಮ್ ತುಂಬಿದರೆ ಇ-ಪ್ರಮಾಣಪತ್ರ. ‘ಕಾರ್ಯಕ್ರಮ ಹೇಗಿತ್ತು?’ ಎಂಬುದಕ್ಕೆ ಆಯ್ಕೆಗಳು ಮೂರು: ಅತ್ಯುತ್ತಮ, ಉತ್ತಮ, ಸಮಾಧಾನಕರ. ಕೆಟ್ಟದಾಗಿತ್ತು ಎನ್ನಲು ಅವಕಾಶವಿಲ್ಲದಿದ್ದರೆ ತೃಪ್ತಿಯ ಪ್ರಮಾಣ ಶೇ 100 ಆಗದೆ ಇನ್ನೇನಾಗುತ್ತದೆ? ‘ಪುಸ್ತಕ ಓದಿದ್ದೀರಾ?’ ಎಂಬ ಪ್ರಶ್ನೆ ಫಾರ್ಮಿನಲ್ಲಿ ಇರಲೇ ಇಲ್ಲ. ಇಟ್ಟಿದ್ದರೆ ಪೈ ಚಾರ್ಟ್ ಹೆಚ್ಚುಕಡಿಮೆ ಒಂದೇ ಬಣ್ಣದ್ದಾಗುತ್ತಿತ್ತು.

ಇದೆಲ್ಲ ಕಾಲೇಜಿನವರ ಸೋಮಾರಿತನ ಎಂದು ಬಿಟ್ಟುಬಿಡುವಂತಿಲ್ಲ. ಇಷ್ಟು ಏರ್ಪಾಟು ಮಾಡಿದವರನ್ನು ಸೋಮಾರಿಗಳು ಎನ್ನಲಾದೀತೇ? ಪುಸ್ತಕ ಹಿಡಿದು ಮಾತಾಡುವುದು ಕ್ಯಾಂಪಸ್ಸಿನಲ್ಲಿ ದಿನವೂ ತಾನಾಗಿ ನಡೆಯಬಹುದಾದ ಕೆಲಸ. ಅದನ್ನು ವರ್ಷವಿಡೀ ತಡೆದು, ಒಂದು ದಿನ ಖರ್ಚು ಮಾಡಿ ಏರ್ಪಡಿಸುತ್ತೇವೆ. ನಮ್ಮ ಗ್ರಂಥಾಲಯಗಳ ಗೋಡೆಯ ಮೇಲೆ ‘ನಿಶ್ಶಬ್ದ’ ಎಂಬ ಫಲಕ ತೂಗುತ್ತದೆ. ಇಬ್ಬರು ಹುಡುಗಿಯರು ಒಂದೇ ಪುಸ್ತಕದ ಮೇಲೆ ಬಾಗಿ ಪಿಸುಗುಟ್ಟಿದರೆ ಕೌಂಟರಿನಿಂದ ಸ್ಕೇಲಿನ ಸದ್ದು ಬರುತ್ತದೆ. ಅದೇ ಹುಡುಗಿಯರನ್ನು ಆಗಸ್ಟಿನಲ್ಲಿ ಸಭಾಂಗಣಕ್ಕೆ ಅಟ್ಟಿ, “ಮಾತಾಡಿ, ಯಾಕೆ ಸುಮ್ಮನೆ ಕೂತಿದೀರಿ?” ಎಂದು ಗದರುತ್ತೇವೆ.

ಆಗಸ್ಟ್ ಎಂದ ಮೇಲೆ ಎಸ್.ಆರ್. ರಂಗನಾಥನ್ ಅವರನ್ನು ನೆನೆಯಲೇಬೇಕು. ಆಗಸ್ಟ್ 12 ರಾಷ್ಟ್ರೀಯ ಗ್ರಂಥಪಾಲಕರ ದಿನ, ಅವರ ಜನ್ಮದಿನದ ಆಚರಣೆ. ಗಣಿತದ ಮೇಷ್ಟ್ರಾಗಿದ್ದ ರಂಗನಾಥನ್ 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳ ಪುಸ್ತಕ ಪ್ರಕಟಿಸಿದರು. ಬೆಂಗಳೂರಿನಲ್ಲಿ 1962ರಲ್ಲಿ ಡಿಆರ್‌ಟಿಸಿ ಎಂಬ ತರಬೇತಿ ಕೇಂದ್ರ ಕಟ್ಟಿದರು. 1972ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಪುಸ್ತಕ ಇರುವುದು ಬಳಕೆಗೆ ಎಂಬುದು ಅವರ ಮೊದಲ ಸೂತ್ರದ ಸಾರ. ಅದನ್ನು ವಿವರಿಸುತ್ತ ಗ್ರಂಥಾಲಯ ಎಲ್ಲಿರಬೇಕು, ಎಷ್ಟು ಹೊತ್ತು ತೆರೆದಿರಬೇಕು, ಕಪಾಟು ಕುರ್ಚಿಗಳು ಹೇಗಿರಬೇಕು, ಸಿಬ್ಬಂದಿ ಹೇಗೆ ನಡೆದುಕೊಳ್ಳಬೇಕು ಎಂಬಲ್ಲಿಗೆ ಅವರು ಬರುತ್ತಾರೆ. ಹಿಂದಿನ ಕಾಲದಲ್ಲಿ ಯುರೋಪಿನ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಕಪಾಟಿಗೆ ಬಿಗಿಯುತ್ತಿದ್ದುದನ್ನೂ ಹೇಳುತ್ತಾರೆ.

ನಾವು ರಂಗನಾಥನ್ ಅವರ ಫೋಟೊಗೆ ಹಾರ ಹಾಕಿ, ಅವರ ಸೂತ್ರಗಳನ್ನು ಚಾರ್ಟಿನಲ್ಲಿ ಬರೆಸಿ, ಸರಪಳಿಯ ಬದಲು ಬೀಗ ತಂದಿದ್ದೇವೆ. ಕೊನೆಯ ತರಗತಿ ಮುಗಿಯುವುದು ನಾಲ್ಕೂವರೆಗೆ, ಗ್ರಂಥಾಲಯ ಮುಚ್ಚುವುದೂ ನಾಲ್ಕೂವರೆಗೆ. ಮಧ್ಯಾಹ್ನ ವಿದ್ಯಾರ್ಥಿಗೆ ಬಿಡುವು ಸಿಗುವ ಹೊತ್ತಿಗೆ ಸಿಬ್ಬಂದಿಗೂ ಊಟದ ಬಿಡುವು. ಓದುಗನ ಸಮಯ ಉಳಿಸಬೇಕೆಂಬುದು ನಾಲ್ಕನೆಯ ಸೂತ್ರ. ಬ್ಯಾಗು ಹೊರಗಿಡಿ, ಐಡಿ ಕಾರ್ಡ್ ತೋರಿಸಿ, ರಿಜಿಸ್ಟರಿಗೆ ಸಹಿ ಹಾಕಿ, ಚೀಟಿಯಲ್ಲಿ ಪುಸ್ತಕದ ಹೆಸರು ಬರೆಯಿರಿ, ಕೌಂಟರಿನಲ್ಲಿ ಕಾಯಿರಿ. ಇಷ್ಟಾದ ಮೇಲೆ ‘ಆ ಬೀರುವಿನ ಕೀ ಮೇಡಂ ಹತ್ರ ಇದೆ, ಅವರು ನ್ಯಾಕ್ ಕೆಲಸಕ್ಕೆ ಹೋಗಿದಾರೆ’ ಎಂಬ ಉತ್ತರ. ಕಂಪ್ಯೂಟರಿನಲ್ಲಿ ಓಪ್ಯಾಕ್ ಎಂಬ ಪುಸ್ತಕಪಟ್ಟಿ ಹುಡುಕಿದರೆ ಪುಸ್ತಕ ‘ಲಭ್ಯ’. ಲಭ್ಯವೇನೋ ಹೌದು, ಕಂಪ್ಯೂಟರಿಗೆ.

ಗ್ರಂಥಪಾಲಕರನ್ನು ಬೈದು ಮುಗಿಸುವುದು ಸುಲಭ. ಆದರೆ ಅವರ ಭಯ ನಿಜವಾದದ್ದು. ವರ್ಷಕ್ಕೊಮ್ಮೆ ಸ್ಟಾಕ್ ವೆರಿಫಿಕೇಷನ್ ಬರುತ್ತದೆ. ಅಕ್ಸೆಷನ್ ರಿಜಿಸ್ಟರ್ ಹಿಡಿದು ಒಂದೊಂದೇ ಸಂಖ್ಯೆಗೆ ಗೀಟು ಹಾಕುತ್ತಾರೆ. ಹತ್ತು ಪುಸ್ತಕ ಕಡಿಮೆ ಬಿದ್ದರೆ ನೋಟಿಸು, ವಿವರಣೆ, ಸಂಬಳದಲ್ಲಿ ಕಡಿತ, ನಿವೃತ್ತಿಯ ಹೊತ್ತಿಗೆ ನೋ ಡ್ಯೂಸ್ ಸಿಗದೆ ಪರದಾಟ. ಸಾವಿರ ಪುಸ್ತಕ ಓದಿಸಿದರು ಎಂದು ಯಾವ ಗ್ರಂಥಪಾಲಕರಿಗೂ ಬಡ್ತಿ ಸಿಕ್ಕಿಲ್ಲ. ಹತ್ತು ಪುಸ್ತಕ ಕಳೆದರು ಎಂದು ಬಡ್ತಿ ತಪ್ಪುವ ಭಯ ಎಲ್ಲರಿಗೂ ಇದೆ. ಇಂಥ ಲೆಕ್ಕಾಚಾರದಲ್ಲಿ ಜಾಣ ಗ್ರಂಥಪಾಲಕರಿಗೆ ಅತ್ಯುತ್ತಮ ಪುಸ್ತಕ ಯಾವುದು? ಕಪಾಟಿನಿಂದ ಅಲುಗದ ಪುಸ್ತಕ. ಅತ್ಯುತ್ತಮ ಓದುಗ ಯಾರು? ಗೇಟ್ ರಿಜಿಸ್ಟರಿಗೆ ಸಹಿ ಹಾಕಿ ಹಾಗೇ ಹಿಂದಿರುಗುವವನು.

ಹಾಸ್ಯವೆಂದರೆ, ಸರ್ಕಾರದ ನಿಯಮಗಳು ನಮ್ಮ ಭಯಕ್ಕಿಂತ ಉದಾರವಾಗಿವೆ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಗ್ರಂಥಾಲಯಕ್ಕೆಂದೇ ಒಂದು ನಿಯಮವಿದೆ. ವರ್ಷದಲ್ಲಿ ಎರವಲು ಕೊಟ್ಟ ಅಥವಾ ಓದಲು ತೆಗೆದ ಪ್ರತಿ 1,000 ಪುಸ್ತಕಗಳಿಗೆ 5 ಕಳೆದುಹೋದರೆ, ಅದು ಅಪ್ರಾಮಾಣಿಕತೆಯಿಂದಲೋ ನಿರ್ಲಕ್ಷ್ಯದಿಂದಲೋ ಆಗಿಲ್ಲದಿದ್ದರೆ, ಸಹಜ ನಷ್ಟವೆಂದು ಒಪ್ಪಬಹುದು. ಅದು ಕೇಂದ್ರದ ಕಚೇರಿಗಳ ನಿಯಮ, ನಮ್ಮ ಊರಿನ ಕಾಲೇಜಿಗೆ ನೇರವಾಗಿ ತಗಲುವುದಿಲ್ಲ ಎಂದು ವಾದಿಸಬಹುದು. ಕೇಂದ್ರದ ಮಾನದಂಡ, ಕೇಂದ್ರದ ಫಾರ್ಮ್ಯಾಟು, ಕೇಂದ್ರದ ಪೀರ್ ಟೀಮಿನ ತಪಾಸಣೆ ಎಲ್ಲ ಬೇಕು, ಕೇಂದ್ರದ ವಿವೇಕ ಮಾತ್ರ ಬೇಡವೇ? ಗಮನಿಸಬೇಕಾದ ಮಾತು ಇನ್ನೊಂದಿದೆ. ಆ ಲೆಕ್ಕ ಕಪಾಟಿನಲ್ಲಿರುವ ಪುಸ್ತಕಗಳ ಮೇಲಲ್ಲ, ಓಡಾಡಿದ ಪುಸ್ತಕಗಳ ಮೇಲೆ. ಹೆಚ್ಚು ಕೊಟ್ಟವರಿಗೆ ಹೆಚ್ಚು ಕಳೆದುಕೊಳ್ಳುವ ಹಕ್ಕು. ಯಾರಿಗೂ ಕೊಡದವರಿಗೆ ಒಂದನ್ನೂ ಕಳೆದುಕೊಳ್ಳುವ ಹಕ್ಕಿಲ್ಲ.

ಸಮುದಾಯ ಕಾರ್ಯಕ್ರಮಗಳ ಕತೆಯೂ ಇದೇ. ವರ್ಷಕ್ಕೊಮ್ಮೆ ಎನ್‌ಎಸ್‌ಎಸ್ ಮಕ್ಕಳನ್ನು ವ್ಯಾನಿನಲ್ಲಿ ತುಂಬಿಕೊಂಡು ‘ದತ್ತು ಗ್ರಾಮ’ಕ್ಕೆ ಹೋಗುತ್ತೇವೆ. ಬ್ಯಾನರ್ ಕಟ್ಟಿ, ಅರಳಿಕಟ್ಟೆಯ ಮೇಲೆ ಕೂತಿದ್ದ ಹಿರಿಯರ ಕೈಗೆ ಒಂದೊಂದು ಪುಸ್ತಕ ಕೊಟ್ಟು, ಫೋಟೊ ತೆಗೆದು, ಪುಸ್ತಕ ವಾಪಸ್ ತೆಗೆದುಕೊಂಡು ಬರುತ್ತೇವೆ. ಒಬ್ಬ ಅಜ್ಜ ಪುಸ್ತಕ ತಲೆಕೆಳಗಾಗಿ ಹಿಡಿದಿದ್ದರೂ ಅಕ್ಷಾಂಶ ಸರಿಯಾಗಿರುತ್ತದೆ. ಅದೇ ಊರಿನ ರೈತನ ಮಗಳು ಕಾಲೇಜಿಗೆ ಬಂದು, ‘ಸ್ಪರ್ಧಾತ್ಮಕ ಪರೀಕ್ಷೆಗೆ ಓದಬೇಕು, ನಿಮ್ಮ ಗ್ರಂಥಾಲಯದಲ್ಲಿ ಕೂರಬಹುದೇ?’ ಎಂದು ಕೇಳಿದರೆ ‘ಹೊರಗಿನವರಿಗೆ ಪ್ರವೇಶವಿಲ್ಲ’ ಎಂಬ ಫಲಕ ತೋರಿಸುತ್ತೇವೆ. ಸಮುದಾಯದ ಕಡೆ ಗ್ರಂಥಾಲಯ ನಡೆಯಬಹುದು, ಗ್ರಂಥಾಲಯದ ಕಡೆ ಸಮುದಾಯ ನಡೆಯಕೂಡದು.

ನಾವು ಅಕ್ಷರ ಹಂಚಲು ಹೋದ ಆ ಹಳ್ಳಿಯಲ್ಲಿ ಬಹುಶಃ ಗ್ರಾಮ ಪಂಚಾಯಿತಿ ಗ್ರಂಥಾಲಯ ಇರುತ್ತದೆ. 2020ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಶುರುವಾಗಿ ಹಳ್ಳಿಯ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಅವಕ್ಕೆ ಅರಿವು ಕೇಂದ್ರ ಎಂಬ ಹೆಸರು. ಸಣ್ಣ ಸಂಬಳದ ಮೇಲ್ವಿಚಾರಕರೊಬ್ಬರು ಮಕ್ಕಳನ್ನು ಕೂರಿಸಿಕೊಂಡು ಕತೆ ಓದಿಸುತ್ತಿರುತ್ತಾರೆ. ಅಲ್ಲಿ ಠೇವಣಿ ಕೇಳುವುದಿಲ್ಲ. ನಾಲ್ಕನೆಯ ಮಾನದಂಡ ಎಂದರೇನು ಎಂದು ಆ ಮಕ್ಕಳಿಗೆ ಗೊತ್ತಿಲ್ಲ, ಕತೆ ಮಾತ್ರ ಗೊತ್ತು. ನಿಜವಾಗಿ ಅವರೇ ವ್ಯಾನು ಮಾಡಿಕೊಂಡು ನಮ್ಮ ಕಾಲೇಜಿಗೆ ಬರಬೇಕು, ವಿಸ್ತರಣಾ ಚಟುವಟಿಕೆಗೆ.

ಕನ್ನಡಕ್ಕೆ ಪುಸ್ತಕ ಸಂವಾದ ಹೊಸದೂ ಅಲ್ಲ. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆಯ ಅಟ್ಟದ ಮೇಲೆ ಎಷ್ಟು ಹಸ್ತಪ್ರತಿಗಳ ಚರ್ಮ ಸುಲಿಯಲಾಯಿತೋ, ಎಷ್ಟು ಲೇಖಕರು ಮುಖ ಕೆಂಪಗೆ ಮಾಡಿಕೊಂಡು ಇಳಿದರೋ ಲೆಕ್ಕ ಇಟ್ಟವರಿಲ್ಲ. ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ರಂಗಸಂಸ್ಥೆಯ ಸಂಸ್ಕೃತಿ ಶಿಬಿರಗಳಲ್ಲಿ ಅಡಿಕೆ ಬೆಳೆಗಾರರೂ ವಿದ್ವಾಂಸರೂ ಒಂದೇ ಚಾಪೆಯ ಮೇಲೆ ಕೂತು ನಾಟಕ, ಕವಿತೆಗಳ ಬಗ್ಗೆ ಜಗಳವಾಡಿದ್ದಾರೆ. ಪಾಂಡವಪುರದ ಬಳಿಯ ಹರಳಹಳ್ಳಿಯಲ್ಲಿ ಬಸ್ ಕಂಡಕ್ಟರ್ ಆಗಿದ್ದ ಅಂಕೇಗೌಡರು ಲಕ್ಷಾಂತರ ಪುಸ್ತಕ ಕೂಡಿಟ್ಟು ಬಾಗಿಲು ತೆರೆದಿದ್ದಾರೆ, ಯಾರು ಬೇಕಾದರೂ ಒಳಗೆ ಬರಬಹುದು. ಇವರ್ಯಾರೂ ಫೀಡ್‌ಬ್ಯಾಕ್ ಫಾರ್ಮ್ ತುಂಬಿಸಿಕೊಂಡ ಸುದ್ದಿ ಇಲ್ಲ. ಪೀರ್ ಟೀಮ್ ಬಂದರೆ ಇವರಿಗೆ ‘ಸಿ’ ಗ್ರೇಡೂ ಸಿಗಲಿಕ್ಕಿಲ್ಲ, ದಾಖಲೆ ಸಾಲದು.

ಆದ್ದರಿಂದ ಮುಂದಿನ ಸಂವಾದಕ್ಕೆ ಸುತ್ತೋಲೆ ಬರೆಯಲು ಕೂತಿರುವ ಸಂಚಾಲಕರಲ್ಲಿ ಕೆಲವು ಬಿನ್ನಹಗಳು. ಒಂದು ತಿಂಗಳು ಮೊದಲೇ ಪುಸ್ತಕ ಯಾವುದೆಂದು ಹೇಳಿ. ಫ್ಲೆಕ್ಸು, ಶಾಲು, ಪೇಟಗಳ ದುಡ್ಡಿನಲ್ಲಿ ಆ ಪುಸ್ತಕದ ಇಪ್ಪತ್ತು ಪ್ರತಿ ಕೊಂಡು ಕೌಂಟರಿನ ಮೇಲಿಡಿ, ಬೀರುವಿನೊಳಗಲ್ಲ. ಓದಿದ ಹತ್ತು ಮಂದಿ ಸಾಕು, ಹಾಜರಿ ಆಮಿಷದ ಇನ್ನೂರು ಬೇಡ. ಸಂಪನ್ಮೂಲ ವ್ಯಕ್ತಿ ಬೇಕೇಬೇಕೆಂದಿದ್ದರೆ ಮೊದಲ ಪ್ರಶ್ನೆ ಅವರಿಗೆ ಬೀಳಲಿ, ಅದನ್ನು ಆ ಹಿಂದಿನ ಸಾಲಿನ ಹುಡುಗಿಯೇ ಕೇಳಲಿ. ಗ್ರಂಥಾಲಯ ಸಂಜೆ ಏಳರವರೆಗೆ ತೆರೆದಿರಲಿ. ‘ನಿಶ್ಶಬ್ದ’ ಫಲಕವನ್ನು ಒಂದು ಮೂಲೆಯ ಮಟ್ಟಿಗಾದರೂ ಇಳಿಸಿ, ಅಲ್ಲಿ ಮಕ್ಕಳು ಮಾತಾಡಿಕೊಳ್ಳಲಿ. ಫೋಟೊ ಬೇಕಾದರೆ ಒಂದನ್ನು ತೆಗೆಯಿರಿ: ಕಿತ್ತುಹೋಗಿರುವ ಅವಧಿ ಚೀಟಿಯದು.

ಪ್ರಾಂಶುಪಾಲರಲ್ಲಿ ಒಂದೇ ವಿನಂತಿ. ಈ ವರ್ಷದ ಸ್ಟಾಕ್ ವೆರಿಫಿಕೇಷನ್ ವರದಿ ನಿಮ್ಮ ಮೇಜಿಗೆ ಬರುತ್ತದೆ. ಅದರಲ್ಲಿ ‘ಕಳೆದುಹೋದ ಪುಸ್ತಕಗಳು: ಇಲ್ಲ’ ಎಂದು ಬರೆದಿದ್ದರೆ ದಯವಿಟ್ಟು ಅಭಿನಂದನಾ ಪತ್ರ ಕೊಡಬೇಡಿ. ವಿಚಾರಣೆಗೆ ಆದೇಶಿಸಿ.